ರೈಫಲ್ ಸಂಘ ಕಟ್ಟಿದ ಗಾಂಧಿವಾದಿ: ದಾದಾಸಾಹೇಬ್ ಮಾವಳಂಕರ್

ಕುಮಟಾ: ಬಾಡ, ಕಾಗಾಲ ಇರಲಿ, ಹೊನ್ನಾವರ, ಭಟ್ಕಳ ಇರಲಿ, ತೋಟ-ಗದ್ದೆ ಇರೋ ಮನೆಯವರಿಗೆ ಕೋವಿ ಅಂದ್ರೆ ಮೊದಲು ನೆನಪಾಗೋದು ಕಾಡುಹಂದಿ ಮತ್ತು ಮಂಗ. ಬೆಳೆ ಕಾಯೋದಕ್ಕೆ ಅಂತ ಅಜ್ಜನ ಕಾಲದಲ್ಲಿ ಮಾಡಿಸಿದ ಲೈಸೆನ್ಸು, ಅದರ ನವೀಕರಣಕ್ಕೆ ಓಡಾಟ, ಚುನಾವಣೆ ಬಂತು ಅಂದ್ರೆ ಠಾಣೆಗೆ ಜಮಾ ಮಾಡೋ ತಾಪತ್ರಯ. ಕೋವಿಯೂ ಒಂದು ಆಟದ ಸಾಮಾನು ಅನ್ನೋ ಮಾತು ಈ ಕಡೆ ಕಮ್ಮಿ.

ಕೊಡಗಿನಲ್ಲಿ ಹಾಗಲ್ಲ. ಕೈಲ್ ಪೊಳ್ದ್ ಹಬ್ಬ ಬಂದರೆ ಊರೂರಿನ ಸಂಘದವರು ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಇಡುತ್ತಾರೆ. ಪೇಟೆಗಳ ರೈಫಲ್ ಕ್ಲಬ್‌ಗಳಲ್ಲಿ ಕಾಯಿಯ ಬದಲು ವೃತ್ತ ಬರೆದ ಗುರಿ ಇರುತ್ತದೆ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕ ಸಿಗುವ ವೃತ್ತದ ಅಗಲ 10.4 ಮಿಲಿಮೀಟರ್, ಅಂದ್ರೆ ಸುಮಾರು ಅಂಗಿಯ ಗುಂಡಿಯಷ್ಟು. 10 ಮೀಟರ್ ಏರ್ ರೈಫಲ್‌ನಲ್ಲಿ ಅದು ಬರೀ ಅರ್ಧ ಮಿಲಿಮೀಟರ್ ಚುಕ್ಕೆ. ಸಾಸಿವೆ ಕಾಳಿಗಿಂತಲೂ ಚಿಕ್ಕದು.

ಇಂಥ ಕ್ಲಬ್ಬಿನಲ್ಲಿ ಕಲಿತ ಹುಡುಗನೋ ಹುಡುಗಿಯೋ ಜಿಲ್ಲೆ, ರಾಜ್ಯ ದಾಟಿ ಮೇಲೆ ಹೊರಟರೆ ದಾರಿಯಲ್ಲಿ ಒಂದು ಹೆಸರು ಎದುರಾಗುತ್ತದೆ: ಅಖಿಲ ಭಾರತ ಜಿ.ವಿ. ಮಾವಳಂಕರ್ ಶೂಟಿಂಗ್ ಚಾಂಪಿಯನ್‌ಶಿಪ್. ರಾಷ್ಟ್ರೀಯ ಸ್ಪರ್ಧೆಗೆ ಹತ್ತುವವರಿಗೆ ಅದೊಂದು ಮೆಟ್ಟಿಲು. ಹೆಸರು ಕೇಳಿದವರು ಯಾರೋ ಪದಕ ಗೆದ್ದ ಗುರಿಕಾರನೋ, ಸೇನೆಯ ಜನರಲ್ಲೋ ಇರಬೇಕು ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ಮಾವಳಂಕರ್ ಅಹಮದಾಬಾದಿನ ವಕೀಲರು. ಗಾಂಧೀಜಿಯ ಜೊತೆ ದುಡಿದವರು. ಬ್ರಿಟಿಷರ ಜೈಲಿನಲ್ಲಿ ಒಟ್ಟು ಆರು ವರ್ಷದ ಹತ್ತಿರ ಹತ್ತಿರ ಕಳೆದವರು. ಸ್ವತಂತ್ರ ಭಾರತದ ಲೋಕಸಭೆಯ ಮೊದಲ ಸ್ಪೀಕರ್.

ಅಹಿಂಸೆಯ ದಾರಿಯಲ್ಲಿ ನಡೆದ ಮನುಷ್ಯನ ಹೆಸರು ರೈಫಲ್ ಸ್ಪರ್ಧೆಗೆ ಹೇಗೆ ಬಂತು?

ಕೊಂಕಣದ ಮೂಲ, ಅಹಮದಾಬಾದಿನ ಬದುಕು

ಗಣೇಶ ವಾಸುದೇವ ಮಾವಳಂಕರ್ ಹುಟ್ಟಿದ್ದು 1888ರ ನವೆಂಬರ್ 27ರಂದು, ಬರೋಡಾದಲ್ಲಿ. ಮನೆತನದ ಮೂಲ ರತ್ನಾಗಿರಿ ಜಿಲ್ಲೆಯ ಮಾವಳಂಗ. ಕುಮಟಾದಿಂದ ಇದೇ ಕರಾವಳಿ ಹಿಡಿದು ಬಡಗಲಿಗೆ ಹೋದರೆ ಸಿಗುವ ಸೀಮೆ ಅದು. ಶಾಲೆಯ ಮೊದಲ ವರ್ಷಗಳು ರಾಜಾಪುರ ಮತ್ತಿತರ ಊರುಗಳಲ್ಲಿ ಕಳೆದವು. 1902ರಲ್ಲಿ ಹೆಚ್ಚಿನ ಓದಿಗೆ ಅಹಮದಾಬಾದಿಗೆ ಹೋದವರು ಅಲ್ಲಿಯವರೇ ಆಗಿಬಿಟ್ಟರು. 1908ರಲ್ಲಿ ಗುಜರಾತ್ ಕಾಲೇಜಿನಿಂದ ಬಿ.ಎ., 1912ರಲ್ಲಿ ಮುಂಬಯಿಯಲ್ಲಿ ಕಾನೂನು ಪರೀಕ್ಷೆ ಮೊದಲ ದರ್ಜೆಯಲ್ಲಿ ಪಾಸು. 1913ರಲ್ಲಿ ವಕೀಲಿಕೆ ಶುರು. ಜನ ಅವರನ್ನು ದಾದಾಸಾಹೇಬ್ ಅಂತ ಕರೆಯುತ್ತಿದ್ದರು.

ವಕೀಲಿಕೆ ಚೆನ್ನಾಗಿಯೇ ನಡೀತಿತ್ತು. ಆದರೆ ಮನಸ್ಸು ಊರಿನ ಕೆಲಸಕ್ಕೂ ಎಳೆಯುತ್ತಿತ್ತು. 1916ರಲ್ಲಿ ಅವರು ಗುಜರಾತ್ ಸಭಾ ಎಂಬ ಸಂಸ್ಥೆಯ ಕಾರ್ಯದರ್ಶಿಯಾದರು. ವಲ್ಲಭಭಾಯಿ ಪಟೇಲ್ ಮತ್ತು ಗಾಂಧೀಜಿಯ ಒಡನಾಟ ಗಟ್ಟಿಯಾದದ್ದು ಈ ವರ್ಷಗಳಲ್ಲೇ.

1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಬೆಳೆ ಹಾಳಾಯಿತು. ಬೆಳೆ ನಾಲ್ಕಾಣೆಗಿಂತ, ಅಂದ್ರೆ ರೂಪಾಯಿಗೆ ಕಾಲು ಭಾಗಕ್ಕಿಂತ ಕಡಿಮೆ ಬಂದರೆ ಆ ವರ್ಷ ಕಂದಾಯ ತಡೆಹಿಡಿಯಬೇಕು ಅಂತ ಸರ್ಕಾರದ್ದೇ ನಿಯಮ ಇತ್ತು. ಅಧಿಕಾರಿಗಳು ಬೆಳೆ ಅದಕ್ಕಿಂತ ಹೆಚ್ಚು ಬಂದಿದೆ ಅಂದರು, ರೈತರು ಇಲ್ಲ ಅಂದರು. ಗುಜರಾತ್ ಸಭಾ ರೈತರ ಪರ ನಿಂತಿತು. ಕಂದಾಯ ಕೊಡದೆ ಕೂತ ಆ ಹೋರಾಟದಲ್ಲಿ ಮಾವಳಂಕರ್ ದುಡಿದರು. ಮುಂದೆ 1930ರ ದಶಕದಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕರನಿರಾಕರಣೆಗೆ ಇಳಿದು ಮನೆ-ಜಮೀನು ಕಳೆದುಕೊಂಡ ಕಥೆ ಈ ಜಿಲ್ಲೆಯವರಿಗೆ ಗೊತ್ತೇ ಇದೆ. ಖೇಡಾ ಅದಕ್ಕಿಂತ ಹನ್ನೆರಡು-ಹದಿಮೂರು ವರ್ಷ ಮೊದಲು ಅದೇ ದಾರಿ ತುಳಿದಿತ್ತು.

ಕೋವಿ ಕಿತ್ತುಕೊಂಡ ಕಾಯ್ದೆ

ಅದೇ ಖೇಡಾದಲ್ಲಿ ಅದೇ ವರ್ಷ ಇನ್ನೊಂದು ಸಂಗತಿಯೂ ನಡೆಯಿತು. ಅದು ಮೊದಲ ಮಹಾಯುದ್ಧದ ಕಾಲ. ಗಾಂಧೀಜಿ ಸ್ವತಃ ಹಳ್ಳಿ ಹಳ್ಳಿ ತಿರುಗಿ ಸೈನ್ಯಕ್ಕೆ ಸೇರಿ ಅಂತ ರೈತರಿಗೆ ಹೇಳಿದರು. ಆಗ ಹಂಚಿದ ಕರಪತ್ರದಲ್ಲಿ ಅವರು 1878ರ ಶಸ್ತ್ರಾಸ್ತ್ರ ಕಾಯ್ದೆಯನ್ನು ಬ್ರಿಟಿಷರ ಕೆಟ್ಟ ಕೆಲಸಗಳಲ್ಲೇ ಅತಿ ಕಪ್ಪು ಕೆಲಸದ ಸಾಲಿಗೆ ಸೇರಿಸಿದ್ದರು. ವೈಸರಾಯ್ ಲಿಟ್ಟನ್ ತಂದ ಆ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಇಲ್ಲದೆ ಆಯುಧ ಇಟ್ಟುಕೊಳ್ಳಬಾರದು ಅಂದಿತ್ತು, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. ಕೊಡಗಿನವರಿಗೆ ಸಿಕ್ಕಂಥ ವಿನಾಯಿತಿ ಉಳಿದ ಊರುಗಳ ಜನಕ್ಕೆ ಇರಲಿಲ್ಲ. ಇಡೀ ದೇಶವನ್ನು ನಂಬಿಕೆಗೆ ಅರ್ಹವಲ್ಲದ ಜನ ಅಂತ ಎಣಿಸಿದ ಕಾಯ್ದೆ ಅದು.

ಅಹಿಂಸೆ ಬೇರೆ, ಕೋವಿ ಮುಟ್ಟಲಿಕ್ಕೇ ಬಿಡದೆ ಇಡುವುದು ಬೇರೆ. ಗಾಂಧೀಜಿಯ ಸುತ್ತ ಇದ್ದವರಿಗೆ ಈ ವ್ಯತ್ಯಾಸ ಹೊಸದಾಗಿರಲಿಲ್ಲ. ಮುಂದೆ ಮಾವಳಂಕರ್ ಮಾಡಿದ ಕೆಲಸ ನೋಡುವಾಗ ಇದನ್ನು ನೆನಪಿಡಬೇಕು.

ಜೈಲು, ನಗರಸಭೆ, ಮುಂಬಯಿ ವಿಧಾನಸಭೆ

1919ರಿಂದ ಮಾವಳಂಕರ್ ಅಹಮದಾಬಾದ್ ನಗರಸಭೆಗೆ ಮತ್ತೆ ಮತ್ತೆ ಆರಿಸಿ ಬಂದರು, ಎರಡು ಅವಧಿಗೆ ಅಧ್ಯಕ್ಷರೂ ಆದರು. ನಡುನಡುವೆ ಚಳವಳಿ, ನಡುನಡುವೆ ಜೈಲು. ಜೈಲಿನಲ್ಲಿ ಕಳವು, ಕೊಲೆಯಂಥ ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಿದ್ದ ಕೈದಿಗಳ ಜೊತೆ ಕೂತು ಮಾತಾಡ್ತಿದ್ದರು. ಅವರ ಬದುಕಿನ ಕಥೆಗಳನ್ನು ಮುಂದೆ ಗುಜರಾತಿಯಲ್ಲಿ ಪುಸ್ತಕವಾಗಿ ಬರೆದರು. ಕೈಯಲ್ಲಿ ಆಯುಧ, ತಲೆಯಲ್ಲಿ ಸಿಟ್ಟು ಸೇರಿದರೆ ಏನಾಗುತ್ತದೆ ಅನ್ನೋದನ್ನು ಅವರು ಇಂಥವರ ಬಾಯಿಂದಲೇ ಕೇಳಿದ್ದರು.

1937ರಲ್ಲಿ ಮುಂಬಯಿ ಪ್ರಾಂತ್ಯದ ವಿಧಾನಸಭೆಗೆ ಚುನಾವಣೆ ನಡೆದು ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಬಂತು. ಮಾವಳಂಕರ್ ಸ್ಪೀಕರ್ ಆದರು. ಈ ಮಾತು ಇಲ್ಲಿಯವರಿಗೂ ಸೇರಿದ್ದು. ಯಾಕಂದ್ರೆ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಕಾರವಾರದಿಂದ ಭಟ್ಕಳದವರೆಗಿನ ಜನರ ಪ್ರತಿನಿಧಿಗಳು ಎದ್ದು ನಿಂತು ಮಾತಾಡಬೇಕಾದರೆ ಇದೇ ಮಾವಳಂಕರ್ ಕಡೆ ನೋಡಿ ಅಪ್ಪಣೆ ಕೇಳಬೇಕಿತ್ತು. ಬಾಡದ ಅಜ್ಜಂದಿರ ಕಾಲದ ಸ್ಪೀಕರ್ ಅವರು.

1946ರ ಜನವರಿಯಲ್ಲಿ ದೆಹಲಿಯ ಕೇಂದ್ರ ಶಾಸನಸಭೆಯ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆ ಬಿತ್ತು. ಎದುರಾಳಿ ಸರ್ ಕಾವಸ್‌ಜಿ ಜಹಾಂಗೀರ್. ಮಾವಳಂಕರ್ ಗೆದ್ದದ್ದು ಬರೀ ಮೂರು ಮತಗಳಿಂದ. 1947ರ ಆಗಸ್ಟ್ 14ರ ನಡುರಾತ್ರಿ ಆ ಸಭೆ ಮುಗಿಯುವ ತನಕ ಅವರೇ ಅದರ ಅಧ್ಯಕ್ಷರು. ನವೆಂಬರ್‌ನಲ್ಲಿ ಸಂವಿಧಾನ ಸಭೆಯ ಶಾಸನ ವಿಭಾಗಕ್ಕೆ ಸ್ಪೀಕರ್. 1950ರಲ್ಲಿ ತಾತ್ಕಾಲಿಕ ಸಂಸತ್ತಿಗೆ. 1952ರ ಮೇ 15ರಂದು ಮೊದಲ ಲೋಕಸಭೆಯಲ್ಲಿ 394 ಮತ ಪಡೆದು ಸ್ಪೀಕರ್ ಆದರು. ಎದುರು ನಿಂತ ಶಂಕರ ಶಾಂತಾರಾಮ ಮೋರೆ ಅವರಿಗೆ ಬಿದ್ದದ್ದು 55.

1951: ರೈಫಲ್ ಸಂಘ

ಈ ಎರಡು ಚುನಾವಣೆಗಳ ನಡುವೆ, 1951ರಲ್ಲಿ, ಭಾರತೀಯ ರಾಷ್ಟ್ರೀಯ ರೈಫಲ್ ಸಂಘ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಮಾವಳಂಕರ್.

ಆಗಿನ ಕಾಲ ನೆನಪಿಸಿಕೊಳ್ಳಿ. ದೇಶ ವಿಭಜನೆಯ ರಕ್ತಪಾತ ಆಗಿ ನಾಲ್ಕೇ ವರ್ಷ. ಗಾಂಧೀಜಿ ಗುಂಡಿಗೆ ಬಲಿಯಾಗಿ ಮೂರೇ ವರ್ಷ. 1878ರ ಕಾಯ್ದೆ ಇನ್ನೂ ಜಾರಿಯಲ್ಲೇ ಇತ್ತು. ಬಂದೂಕಿನ ಆಟ ಅಂದ್ರೆ ರಾಜಮನೆತನದ ಶಿಕಾರಿ, ಇಲ್ಲವೇ ಸೈನ್ಯ, ಪೊಲೀಸರ ಕೆಲಸ ಅನ್ನೋ ಭಾವನೆ. ಅಂಥ ಹೊತ್ತಿನಲ್ಲಿ ಗಾಂಧಿ ಸ್ಮಾರಕ ನಿಧಿ, ಕಸ್ತೂರಬಾ ಟ್ರಸ್ಟ್‌ನಂಥ ಸಂಸ್ಥೆಗಳ ಹೊಣೆ ಹೊತ್ತ ಮನುಷ್ಯನೇ, ಸಾಮಾನ್ಯ ನಾಗರಿಕರೂ ಗುರಿ ಹೊಡೆಯೋದನ್ನು ಕ್ರೀಡೆಯಾಗಿ ಕಲಿಯಲಿ ಅನ್ನೋ ಸಂಘದ ಮುಂದೆ ನಿಂತರು. ಇದರಲ್ಲಿ ವಿರೋಧ ಕಾಣುವವರು ಆಗಲೂ ಇದ್ದಿರಬಹುದು, ಈಗಲೂ ಇರಬಹುದು.

ಆದರೆ ರೇಂಜಿನಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿದವರಿಗೆ ಬೇರೆಯೇ ಚಿತ್ರ ಸಿಗುತ್ತದೆ. ಅಲ್ಲಿ ಗುಂಡು ಹಾಕಲು ಅಪ್ಪಣೆ ಬೇಕು, ಹೊಡೆಯಲು ಅಪ್ಪಣೆ ಬೇಕು. ನಿಲ್ಲಿಸು ಅಂದ ಕ್ಷಣ ಬೆರಳು ತೆಗೆಯಬೇಕು. ರೈಫಲ್ ಕೆಳಗಿಡುವಾಗ ಒಳಗೆ ಗುಂಡಿಲ್ಲ ಅಂತ ತೋರಿಸಬೇಕು. ನಳಿಗೆಯ ಬಾಯಿ ಗುರಿಯ ಕಡೆ ಬಿಟ್ಟು ಬೇರೆ ಎಲ್ಲಿಗೂ ತಿರುಗಬಾರದು. ತಪ್ಪಿದರೆ ಎಷ್ಟೇ ದೊಡ್ಡವನಿದ್ದರೂ ಹೊರಗೆ. ಸಿಟ್ಟು ಬಂದವನಿಗೆ, ಅವಸರ ಇದ್ದವನಿಗೆ ಅಲ್ಲಿ ಅಂಕ ಹುಟ್ಟುವುದಿಲ್ಲ. ಉಸಿರು ಅರ್ಧ ಬಿಟ್ಟು ಹಿಡಿದು, ಎದೆಬಡಿತ ತಗ್ಗಿದ ಮೇಲೆ ನಿಧಾನಕ್ಕೆ ಕುದುರೆ ಒತ್ತಬೇಕು. ಏರ್ ರೈಫಲ್ ಸ್ಪರ್ಧೆಯಲ್ಲಿ ಹೀಗೆ 60 ಸಲ, ಒಂದೂಕಾಲು ತಾಸಿನೊಳಗೆ.

ಸ್ಪೀಕರ್ ಪೀಠದಲ್ಲಿ ಮಾವಳಂಕರ್ ಮಾಡಿದ್ದೂ ಇದಕ್ಕೆ ದೂರದ್ದಲ್ಲ. ಸದನದಲ್ಲಿ ಯಾರು ಯಾವಾಗ ಮಾತಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋ ನಿಯಮಗಳನ್ನು ರೂಢಿಗೆ ತಂದವರು ಅವರು. ಸದನವನ್ನು ಬಿಟ್ಟು ಸುಗ್ರೀವಾಜ್ಞೆಗಳ ಮೂಲಕ ಕಾನೂನು ತರುವ ಅಭ್ಯಾಸ ಒಳ್ಳೇದಲ್ಲ ಅಂತ ಪ್ರಧಾನಿ ನೆಹರೂ ಅವರಿಗೇ ಪತ್ರ ಬರೆದರು. ಇಬ್ಬರೂ ಒಂದೇ ಪಕ್ಷದವರು ಅನ್ನೋದು ಅಡ್ಡ ಬರಲಿಲ್ಲ. 1954ರ ಡಿಸೆಂಬರ್‌ನಲ್ಲಿ ವಿರೋಧ ಪಕ್ಷದವರು ಸ್ಪೀಕರ್ ಪಕ್ಷಪಾತ ಮಾಡ್ತಾರೆ ಅಂತ ಅವರನ್ನೇ ತೆಗೆಯುವ ನಿರ್ಣಯ ತಂದರು. ಲೋಕಸಭೆಯ ಸ್ಪೀಕರ್ ಮೇಲೆ ಬಂದ ಮೊದಲ ಅಂಥ ನಿರ್ಣಯ ಅದು. ತನ್ನ ಮೇಲಿನ ದೂರಿಗೆ ತಾನೇ ಪೀಠದಲ್ಲಿ ಕೂರುವ ಹಾಗಿಲ್ಲ. ಚರ್ಚೆ ಉಪಸ್ಪೀಕರ್ ಅಧ್ಯಕ್ಷತೆಯಲ್ಲಿ ನಡೆಯಿತು, ನಿರ್ಣಯ ಬಿದ್ದುಹೋಯಿತು. ದೂರು ಕೊಟ್ಟವರಿಗೆ ಹೇಳೋದನ್ನು ಹೇಳೋ ಅವಕಾಶ ಮಾತ್ರ ಸಿಕ್ಕಿತು.

ಕೊನೆಯ ದಿನಗಳು, ಉಳಿದ ಹೆಸರು

1956ರ ಫೆಬ್ರವರಿ 27ರಂದು ಅಹಮದಾಬಾದಿನಲ್ಲಿ ಮಾವಳಂಕರ್ ತೀರಿಕೊಂಡರು. ಹೃದಯಾಘಾತ. ವಯಸ್ಸು 67. ಅವರ ಕ್ಷೇತ್ರದ ಉಪಚುನಾವಣೆಯಲ್ಲಿ ಪತ್ನಿ ಸುಶೀಲಾ ಅವಿರೋಧವಾಗಿ ಆಯ್ಕೆಯಾದರು. ಅದೇ ವರ್ಷ ನವೆಂಬರ್ 1ರಂದು ಉತ್ತರ ಕನ್ನಡ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದನ್ನು ನೋಡಲು ಹಳೆಯ ಸ್ಪೀಕರ್ ಇರಲಿಲ್ಲ. 1878ರ ಶಸ್ತ್ರಾಸ್ತ್ರ ಕಾಯ್ದೆ ಹೋಗಿ 1959ರ ಹೊಸ ಕಾಯ್ದೆ ಬಂದದ್ದೂ ಅವರ ಕಾಲದ ನಂತರವೇ.

ಸಂಘ ಹುಟ್ಟಿದ ಮರುವರ್ಷವೇ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಹರಿಹರ ಬ್ಯಾನರ್ಜಿ ಭಾರತದ ಪರ ರೈಫಲ್ ಸ್ಪರ್ಧೆಗೆ ಇಳಿದಿದ್ದರು. ಪದಕಕ್ಕೆ ಮಾತ್ರ ಅರ್ಧ ಶತಮಾನ ಕಾಯಬೇಕಾಯಿತು. 2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್‌ಗೆ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾಗೆ ಏರ್ ರೈಫಲ್‌ನಲ್ಲಿ ಚಿನ್ನ. 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್‌ನ ಮೂರು ಭಂಗಿಯ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ, ಬೆಳಗಾವಿಯ ಮಗ್ಗುಲಿನ ಕೊಲ್ಹಾಪುರ ಜಿಲ್ಲೆಯ ಹಳ್ಳಿ ಹುಡುಗ.

ಹಳ್ಳಿಯ ಮಕ್ಕಳಿಗೆ ಈ ಆಟ ಇವತ್ತಿಗೂ ಸುಲಭದ್ದಲ್ಲ. ರೈಫಲ್ಲು, ಗುಂಡು, ದಪ್ಪ ಜಾಕೆಟ್ಟು, ರೇಂಜಿಗೆ ಹೋಗಿಬರುವ ಖರ್ಚು ಎಲ್ಲಾ ಸೇರಿದರೆ ಸಣ್ಣ ಅಂಗಡಿಕಾರನ ಮನೆಗೆ ಭಾರವೇ. ಅಂಥ ಮನೆಯ ಮಕ್ಕಳಿಗೆ ಊರಿನ ಕ್ಲಬ್ಬೇ ದಾರಿ. ಒಂದೇ ರೈಫಲನ್ನು ಸರದಿಯಲ್ಲಿ ಹಂಚಿಕೊಂಡು ಕಲಿಯಬಹುದು, ತಪ್ಪಿದಾಗ ತಿದ್ದುವವರು ಪಕ್ಕದಲ್ಲೇ ಇರುತ್ತಾರೆ.

ಇನ್ನು ಬೆಳೆ ಕಾಯುವ ಕೋವಿ ಮನೆಯಲ್ಲಿರುವವರಿಗೂ ರೇಂಜಿನ ನಿಯಮಗಳು ಪ್ರಯೋಜನಕ್ಕೆ ಬರುವಂಥವೇ. ತೋಟದಿಂದ ಬಂದ ಮೇಲೆ ಗುಂಡು ತೆಗೆದಿಡುವುದು, ನಳಿಗೆ ಯಾರ ಕಡೆಗೂ ತಿರುಗಿಸದಿರುವುದು, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕುವುದು. ಇಷ್ಟನ್ನು ಕಲಿಯೋದಕ್ಕೆ ಪದಕದ ಆಸೆ ಇರಬೇಕು ಅಂತಿಲ್ಲ.