ಎರಡನೇ ಬೇಸ್ ಕಾದ ಟೋನಿ ಸ್ಟೋನ್

ಗೆಳತಿಯರೇ, ಬೇಸ್‌ಬಾಲ್ ನಮಗೆ ದೂರದ ಆಟ. ಆದರೂ ಟೋನಿ ಸ್ಟೋನ್ ಅವರ ಕಥೆಯನ್ನು ನಿಮಗೆ ಹೇಳಲೇಬೇಕೆನಿಸಿತು.

1921ರಲ್ಲಿ ಹುಟ್ಟಿದ ಇವರು ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ಬೆಳೆದ ಕಪ್ಪುವರ್ಣೀಯ ಹುಡುಗಿ. ಅಲ್ಲಿನ ಮಹಿಳಾ ವೃತ್ತಿಪರ ಲೀಗ್ ಕಪ್ಪು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲಿಲ್ಲ. ಹಾಗಾಗಿ ಕಪ್ಪುವರ್ಣೀಯ ಗಂಡಸರ ತಂಡಗಳಲ್ಲೇ ಆಡಿದರು. 1953ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡ ಅವರಿಗೆ ಎರಡನೇ ಬೇಸ್ ಕಾಯುವ ಹೊಣೆ ಕೊಟ್ಟಿತು. ಜನರನ್ನು ಸೆಳೆಯಲು ಸ್ಕರ್ಟ್ ತೊಟ್ಟು ಆಡಿ ಎಂದಾಗ ಒಪ್ಪಲಿಲ್ಲ. ಗಂಡಸರ ಸಮವಸ್ತ್ರದಲ್ಲೇ ಆಡಿದರು. ಮರುವರ್ಷ ಸೇರಿದ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡ ಹೆಚ್ಚಾಗಿ ಬೆಂಚಿನಲ್ಲೇ ಕೂರಿಸಿತು. ಆ ಸೀಸನ್ ಮುಗಿಯುತ್ತಲೇ ವೃತ್ತಿ ಬಿಟ್ಟು, ಓಕ್ಲೆಂಡ್‌ನಲ್ಲಿ ನರ್ಸ್ ಆದರು. 1996ರಲ್ಲಿ ತೀರಿಕೊಂಡರು.

ಹೆಣ್ಣನ್ನು ತಂಡಕ್ಕೆ ಸೇರಿಸಿಕೊಂಡರಷ್ಟೇ ಸಾಲದು, ಆಡಲೂ ಬಿಡಬೇಕು. ಅವರ ಬದುಕಿನಿಂದ ನಾನು ತಿಳಿದುಕೊಂಡದ್ದು ಇದು.