ಬೆಳ್ಳಿಕೋತಿನ ಬಿ. ಆರ್. ಶೆಣೈ: ಒಂಟಿಯಾಗಿ ನಿಂತ ಅರ್ಥಶಾಸ್ತ್ರಜ್ಞ

ಕಾಸರಗೋಡಿನ ಹೆಸರನ್ನು ಹೊರನಾಡಿನಲ್ಲಿ ಬೆಳಗಿಸಿದವರನ್ನು ನೆನೆಯುವಾಗ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಮೊದಲಾದ ಕವಿವರ್ಯರು ಸಹಜವಾಗಿಯೇ ಕಣ್ಣಮುಂದೆ ನಿಲ್ಲುತ್ತಾರೆ. ಇದೇ ಮಣ್ಣಿನಿಂದ ಹೊರಟು ಲಂಡನ್, ಕೊಲಂಬೊ, ಮುಂಬಯಿ, ಅಹಮದಾಬಾದುಗಳಲ್ಲಿ ದುಡಿದು, ಪಾಶ್ಚಾತ್ಯ ಅರ್ಥಶಾಸ್ತ್ರಜ್ಞರ ಗೌರವಕ್ಕೆ ಪಾತ್ರರಾದ ಬೆಳ್ಳಿಕೋತ್ ರಘುನಾಥ ಶೆಣೈ ಅವರ ಹೆಸರು ಮಾತ್ರ ನಮ್ಮ ಸಭೆಗಳಲ್ಲಿ ಕೇಳಿಬರುವುದು ಅಪರೂಪ. ಕವಿತೆಯನ್ನು ಬಾಯಿಪಾಠ ಮಾಡಬಹುದು, ಹಣದುಬ್ಬರದ ವಿಶ್ಲೇಷಣೆಯನ್ನು ಬಾಯಿಪಾಠ ಮಾಡಲಾಗದು ಎಂಬುದೂ ಇದಕ್ಕೆ ಒಂದು ಕಾರಣವಿರಬಹುದು.

ಶೆಣೈ ಅವರು 1905ರ ಜೂನ್ 3ರಂದು ಕಾಞಂಗಾಡಿನ ಬಳಿಯ ಬೆಳ್ಳಿಕೋತಿನಲ್ಲಿ ಜನಿಸಿದರು. ಆಗ ಅದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಊರು. ಮಲಯಾಳದ ಮಹಾಕವಿ ಪಿ. ಕುಞಿರಾಮನ್ ನಾಯರ್ ಅವರು ಹುಟ್ಟಿದ್ದೂ ಅದೇ ಊರಿನಲ್ಲಿ, ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಒಂದು ಪುಟ್ಟ ಗ್ರಾಮ ಏಕಕಾಲಕ್ಕೆ ಕನಸುಗಾರನೊಬ್ಬನನ್ನೂ ಲೆಕ್ಕಾಚಾರದವನೊಬ್ಬನನ್ನೂ ಹೆತ್ತದ್ದು ಸೋಜಿಗವೇ ಸರಿ. ಶೆಣೈ ಅವರ ಉನ್ನತ ವ್ಯಾಸಂಗ ನಡೆದುದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ. ಅಲ್ಲಿಂದ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ತೆರಳಿದರು.

ಲಂಡನ್ನಿನ ಆ ದಿನಗಳು ಅವರ ಚಿಂತನೆಯ ದಿಕ್ಕನ್ನು ನಿರ್ಧರಿಸಿದವು. 1931ರಲ್ಲಿ ಆಸ್ಟ್ರಿಯಾದ ತರುಣ ವಿದ್ವಾಂಸ ಫ್ರೀಡ್ರಿಕ್ ಹಯೆಕ್ ಅಲ್ಲಿಗೆ ಬಂದು ಬೆಲೆ ಮತ್ತು ಉತ್ಪಾದನೆಯ ಕುರಿತು ಉಪನ್ಯಾಸಮಾಲೆಯೊಂದನ್ನು ನೀಡಿದರು. ಕೇಳುಗರಲ್ಲಿ ಶೆಣೈ ಅವರೂ ಇದ್ದರು. ಹಯೆಕ್ ಅವರ ವಾದದ ತಿರುಳನ್ನು ನಮ್ಮ ತೋಟದ ಭಾಷೆಯಲ್ಲಿ ಹೇಳಬಹುದು. ಅಡಿಕೆ ಸಸಿ ನೆಟ್ಟವನು ಫಸಲು ಕೈಗೆ ಬರುವವರೆಗೆ ವರ್ಷಗಟ್ಟಲೆ ಕಾಯಬೇಕು. ಅಷ್ಟು ಕಾಲ ಮನೆಯವರ ಊಟಕ್ಕೆ, ಆಳುಗಳ ಕೂಲಿಗೆ ಕಣಜದಲ್ಲಿ ಅಕ್ಕಿಯಿರಬೇಕು. ಕಣಜದ ಅಳತೆಯನ್ನು ಮೀರಿ ಸಸಿ ನೆಟ್ಟರೆ ತೋಟ ಅರ್ಧದಲ್ಲೇ ಒಣಗುತ್ತದೆ. ಚೀಟಿ ಬರೆದು ಹಂಚಿದ ಮಾತ್ರಕ್ಕೆ ಕಣಜದಲ್ಲಿ ಅಕ್ಕಿ ಹೆಚ್ಚುವುದಿಲ್ಲ. ಜನರ ನೈಜ ಉಳಿತಾಯವನ್ನು ಮೀರಿದ ಬಂಡವಾಳ ಹೂಡಿಕೆ ಕೊನೆಗೆ ಕುಸಿಯುತ್ತದೆಂಬ ಈ ವಿಚಾರವನ್ನು ಶೆಣೈ ಅವರು ಜೀವನದುದ್ದಕ್ಕೂ ಬಿಡಲಿಲ್ಲ. ಆ ದಶಕದ ಆರಂಭದಲ್ಲಿಯೇ ಅವರ ಸಂಶೋಧನ ಲೇಖನ ಹಾರ್ವರ್ಡಿನ ಪ್ರತಿಷ್ಠಿತ ಅರ್ಥಶಾಸ್ತ್ರ ತ್ರೈಮಾಸಿಕದಲ್ಲಿ ಪ್ರಕಟವಾಯಿತು. ಅಂದಿನ ಭಾರತೀಯರಿಗೆ ಇದು ಸಾಮಾನ್ಯ ಸಾಧನೆಯಾಗಿರಲಿಲ್ಲ.

ಮುಂದೆ ಅವರು ಸಿಂಹಳದಲ್ಲಿ ಅಧ್ಯಾಪನ ನಡೆಸಿದರು. ಆ ದೇಶದ ನಾಣ್ಯ ಮತ್ತು ಬ್ಯಾಂಕಿಂಗ್ ವ್ಯವಸ್ಥೆಯನ್ನು ಕುರಿತ ಅವರ ಗ್ರಂಥ 1941ರಲ್ಲಿ ಹೊರಬಂದಿತು. ಬಳಿಕ ಭಾರತೀಯ ರಿಸರ್ವ್ ಬ್ಯಾಂಕಿನಲ್ಲಿ ಸೇವೆ ಸಲ್ಲಿಸಿ, 1954ರಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಸಮಾಜ ವಿಜ್ಞಾನ ಶಾಲೆಯ ನಿರ್ದೇಶಕರಾಗಿ ಅಹಮದಾಬಾದಿಗೆ ಬಂದರು. ಅವರ ಬದುಕಿನ ಮುಖ್ಯ ಘಟನೆ ನಡೆದುದು ಇದರ ಮರುವರ್ಷ.

ಎರಡನೆಯ ಪಂಚವಾರ್ಷಿಕ ಯೋಜನೆ ಆಗ ಸಿದ್ಧವಾಗುತ್ತಿತ್ತು. ಪ್ರೊ. ಪಿ. ಸಿ. ಮಹಾಲನೋಬಿಸ್ ಅವರು ರೂಪಿಸಿದ ಚೌಕಟ್ಟಿನಲ್ಲಿ ಉಕ್ಕು, ಯಂತ್ರೋಪಕರಣ ಮೊದಲಾದ ಬೃಹತ್ ಉದ್ಯಮಗಳಿಗೆ ಅಗ್ರಸ್ಥಾನ ದೊರೆತಿತ್ತು. ರಾಷ್ಟ್ರೀಯ ಆದಾಯವನ್ನು ಐದು ವರ್ಷಗಳಲ್ಲಿ ಶೇಕಡಾ 25ರಷ್ಟು ಹೆಚ್ಚಿಸುವುದು ಗುರಿ. ಅಂತಿಮ ರೂಪದಲ್ಲಿ ಸರಕಾರಿ ವಲಯದ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿಯನ್ನು ಕೊರತೆ ಹಣಕಾಸಿನ ಮೂಲಕ ಹೊಂದಿಸಬೇಕಾಗಿತ್ತು. ಯೋಜನೆಯನ್ನು ಪರಾಮರ್ಶಿಸಲು ನೇಮಕಗೊಂಡ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ದೇಶದ ಹಿರಿಯ ತಲೆಗಳೆಲ್ಲ ಇದ್ದುವು. ಅವರೆಲ್ಲ ಒಮ್ಮತದಿಂದ ಸಮ್ಮತಿಸಿದರು. ಶೆಣೈ ಒಬ್ಬರೇ ಪ್ರತ್ಯೇಕವಾಗಿ ಭಿನ್ನಮತದ ಟಿಪ್ಪಣಿ ಬರೆದು ಸಲ್ಲಿಸಿದರು.

ಸ್ವಾತಂತ್ರ್ಯ ಬಂದು ಎಂಟು ವರ್ಷವೂ ತುಂಬಿರಲಿಲ್ಲ. ನೆಹರೂ ಅವರ ಜನಪ್ರಿಯತೆ ಉತ್ತುಂಗದಲ್ಲಿತ್ತು. ಯೋಜನೆಯೆಂಬುದು ದೇಶಭಕ್ತಿಯ ಮತ್ತೊಂದು ಹೆಸರೆಂಬಂತೆ ಇದ್ದ ಕಾಲವದು. ಆಗ ವಿರೋಧದ ಟಿಪ್ಪಣಿ ಬರೆಯಬೇಕಾದರೆ ಮುಂದಿನ ಸಮಿತಿಗಳು, ಸ್ಥಾನಮಾನಗಳು ಕೈತಪ್ಪುವುದಕ್ಕೆ ಸಿದ್ಧರಾಗಿಯೇ ಬರೆಯಬೇಕು.

ಆ ಟಿಪ್ಪಣಿಯ ವಾದ ಸರಳವಾದುದು. ಯೋಜನೆಯ ಗಾತ್ರ ನಮ್ಮ ಆಶೆಯ ಗಾತ್ರಕ್ಕಲ್ಲ, ನಮ್ಮ ಉಳಿತಾಯದ ಗಾತ್ರಕ್ಕೆ ಹೊಂದಬೇಕು. ತೆರಿಗೆ ಮತ್ತು ಸಾಲದಿಂದ ಬಾರದ ಹಣವನ್ನು ನೋಟು ಹೊರಡಿಸಿ ತುಂಬಿಕೊಂಡರೆ ಜನರ ಕೈಯಲ್ಲಿ ಹಣ ಹೆಚ್ಚುತ್ತದೆ, ಪೇಟೆಯಲ್ಲಿ ಸಾಮಗ್ರಿ ಹೆಚ್ಚುವುದಿಲ್ಲ, ಬೆಲೆ ಏರುತ್ತದೆ. ಏರಿದ ಬೆಲೆಯ ಭಾರ ಬೀಳುವುದು ನಿಶ್ಚಿತ ಸಂಬಳದವರ ಮೇಲೆ, ಕೂಲಿಯವರ ಮೇಲೆ, ಪುಡಿಗಾಸು ಕೂಡಿಟ್ಟವರ ಮೇಲೆ. ಬೆಲೆಯೇರಿಕೆಯನ್ನು ಅದುಮಲು ನಿಯಂತ್ರಣಗಳನ್ನು ಹೇರಿದರೆ ಅವು ಜನರ ಸ್ವಾತಂತ್ರ್ಯವನ್ನೂ ಪ್ರಜಾಪ್ರಭುತ್ವವನ್ನೂ ಕಡೆಗೆ ಕುಗ್ಗಿಸುತ್ತವೆ. ಆದುದರಿಂದ ನಿಯಂತ್ರಣಗಳನ್ನು ಕ್ರಮೇಣ ತೆಗೆಯಬೇಕು, ರಾಷ್ಟ್ರೀಕರಣವನ್ನು ವಿಸ್ತರಿಸಬಾರದು ಎಂಬುದು ಅವರ ಸಲಹೆ. ಅದೇ ವರ್ಷ ಅಮೆರಿಕದಿಂದ ಭಾರತಕ್ಕೆ ಬಂದಿದ್ದ ಮಿಲ್ಟನ್ ಫ್ರೀಡ್‌ಮನ್ ಅವರ ಅಭಿಪ್ರಾಯವೂ ಬಹುಪಾಲು ಇದೇ ಆಗಿತ್ತು. ಫ್ರೀಡ್‌ಮನ್ ಮುಂದೆ ಜಗತ್ಪ್ರಸಿದ್ಧರಾಗಿ ನೊಬೆಲ್ ಪಡೆದರು. ಶೆಣೈ ಅವರು ತಮ್ಮ ದೇಶದಲ್ಲಿಯೇ ಬದಿಗೆ ಸರಿದರು.

ಯೋಜನೆ ಆರಂಭವಾದ 1956ರಲ್ಲೇ, ನವೆಂಬರ್ 1ರಂದು ಅವರು ಹುಟ್ಟಿದೂರು ಕೇರಳಕ್ಕೆ ಸೇರಿತು. ಗಡಿಯ ಆ ನೋವು ನಮ್ಮದು. ದಿಲ್ಲಿಯ ಚಿಂತೆ ಬೇರೆಯಿತ್ತು. ಯುದ್ಧಕಾಲದಲ್ಲಿ ಕೂಡಿದ್ದ ಸ್ಟರ್ಲಿಂಗ್ ನಿಧಿ ಕರಗತೊಡಗಿ 1957–58ರ ವೇಳೆಗೆ ವಿದೇಶೀ ವಿನಿಮಯದ ತೀವ್ರ ಬಿಕ್ಕಟ್ಟು ತಲೆದೋರಿತು. ನೋಟುಗಳ ಬೆನ್ನಿಗಿರಬೇಕಾದ ಮೀಸಲಿನ ನಿಯಮವನ್ನು 1956ರಲ್ಲೊಮ್ಮೆ, 1957ರಲ್ಲೊಮ್ಮೆ ಸಡಿಲಿಸಲಾಯಿತು. ಕೊನೆಗೆ ಅದು ಒಟ್ಟು 200 ಕೋಟಿ ರೂಪಾಯಿಗೆ ಬಂದು ನಿಂತಿತು. 1958ರಲ್ಲಿ ನೆರವಿಗಾಗಿ ಸಾಲ ಕೊಡುವ ರಾಷ್ಟ್ರಗಳ ಕೂಟವೇ ಸೇರಬೇಕಾಯಿತು. ಟಿಪ್ಪಣಿ ಬರೆದವರ ಬಳಿಗೆ ಯಾರೂ ಮರಳಿ ಹೋಗಲಿಲ್ಲ.

ಶೆಣೈ ಅವರ ಬರವಣಿಗೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವುದು ಆಮದು ಲೈಸೆನ್ಸ್ ಪದ್ಧತಿಯ ವಿಶ್ಲೇಷಣೆ. ಡಾಲರಿಗೆ 4 ರೂಪಾಯಿ 76 ಪೈಸೆ ಎಂಬುದು ಸರಕಾರದ ದರ. ಆ ದರದಲ್ಲಿ ತರಿಸಿದ ಸರಕು ಪೇಟೆಯಲ್ಲಿ ಬಹಳ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿತ್ತು. ನಡುವಿನ ಲಾಭ ಬೆವರು ಸುರಿಸಿದವನಿಗಲ್ಲ, ಲೈಸೆನ್ಸ್ ಗಿಟ್ಟಿಸಿದವನಿಗೆ. ಇತ್ತ ಕಾಳುಮೆಣಸು, ಗೇರುಬೀಜಗಳನ್ನು ಹೊರದೇಶಕ್ಕೆ ಕಳುಹಿಸುವ ನಮ್ಮ ಕರಾವಳಿಯಂಥ ಪ್ರದೇಶದವರಿಗೆ ಗಳಿಸಿದ ಪ್ರತಿ ಡಾಲರಿಗೂ ಅದೇ ಕಡಿಮೆ ರೂಪಾಯಿ. ಬಡವರ ಹೆಸರಿನಲ್ಲಿ ನಡೆಯುವ ವ್ಯವಸ್ಥೆ ಹಣವನ್ನು ಬಡವರಿಂದ ಉಳ್ಳವರ ಕಡೆಗೆ ಸಾಗಿಸುತ್ತಿದೆಯೆಂಬುದನ್ನು ಅವರು ಕಳ್ಳಸಾಗಣೆಯ ಚಿನ್ನದ ಬೆಲೆಯಂಥ ಸಾಕ್ಷ್ಯಗಳಿಂದ ತೋರಿಸಿದರು. ರೂಪಾಯಿಯ ಅಪಮೌಲ್ಯ ಅನಿವಾರ್ಯವೆಂದು ಅವರು ಹೇಳುತ್ತ ಬಂದದ್ದು 1966ರ ಜೂನ್ 6ರಂದು ನಡೆದೇ ಹೋಯಿತು: ಡಾಲರಿಗೆ 7 ರೂಪಾಯಿ 50 ಪೈಸೆ.

ಬರ್ಲಿನ್ ನಗರದ ಎರಡು ಭಾಗಗಳನ್ನು ಕಂಡುಬಂದು 1960ರಲ್ಲಿ ಅವರು ಬರೆದ ಲೇಖನವೂ ಗಮನಾರ್ಹ. ಒಂದೇ ಜನ, ಒಂದೇ ಭಾಷೆ, ಒಂದೇ ಯುದ್ಧದ ಹಾಳುಸುರಿ. ಆದರೂ ಪಶ್ಚಿಮದಲ್ಲಿ ಸಮೃದ್ಧಿ, ಪೂರ್ವದಲ್ಲಿ ಅಭಾವ. ಈ ವ್ಯತ್ಯಾಸಕ್ಕೆ ಆರ್ಥಿಕ ವ್ಯವಸ್ಥೆಯೇ ಕಾರಣವೆಂದು ಅವರು ವಾದಿಸಿದರು. ಮರುವರ್ಷದ ಆಗಸ್ಟಿನಲ್ಲಿ, ಪೂರ್ವದವರು ಪಶ್ಚಿಮಕ್ಕೆ ಹೋಗದಂತೆ ಗೋಡೆ ಎದ್ದಿತು.

ಅವರನ್ನು ಸಂಪ್ರದಾಯವಾದಿ ಎಂದು ಕರೆಯುವುದು ರೂಢಿ. ಸರಕಾರದ ಅಧಿಕಾರಕ್ಕೆ ಮಿತಿ ಬೇಕೆಂಬ ಹಳೆಯ ಉದಾರವಾದಿ ಎನ್ನುವುದೇ ಹೆಚ್ಚು ಸರಿಯಾದೀತು. ಹಾಗೆಂದು ಅವರ ಮಾತೆಲ್ಲವನ್ನೂ ಒಪ್ಪಬೇಕಾಗಿಲ್ಲ. ಭಿಲಾಯಿ, ರೂರ್ಕೆಲಾಗಳಂಥ ಉಕ್ಕಿನ ಕಾರ್ಖಾನೆಗಳನ್ನು ಅಂದಿನ ಖಾಸಗಿ ಬಂಡವಾಳ ತಾನಾಗಿ ಕಟ್ಟುತ್ತಿತ್ತೆಂದು ಹೇಳುವುದು ಕಷ್ಟ. ಧಾನ್ಯದ ಸಾಗಾಟಕ್ಕೆ ಹಾಕಿದ ವಲಯಗಳ ಬೇಲಿಯನ್ನೂ ಆಹಾರ ನಿಯಂತ್ರಣಗಳನ್ನೂ ಅವರು ವಿರೋಧಿಸಿದರು. ಆದರೆ ಅಕ್ಕಿಯ ಕೊರತೆಯ ಈ ನಾಡಿನಲ್ಲಿ ರೇಷನ್ ಅಂಗಡಿಯ ಚೀಲದಿಂದ ಬೆಳೆದ ನಮ್ಮ ತಲೆಮಾರು ಅಷ್ಟು ಸುಲಭವಾಗಿ ತಲೆದೂಗಲಾರದು. ಬ್ಯಾಂಕುಗಳ ವಿಷಯವೂ ಅಷ್ಟೆ. ಕೆನರಾ ಬ್ಯಾಂಕ್ ಅವರು ಹುಟ್ಟಿದ ಮರುವರ್ಷ ಮಂಗಳೂರಿನಲ್ಲಿ ಜನರ ಸ್ವಂತ ಉಳಿತಾಯದಿಂದ ಹುಟ್ಟಿತ್ತು. ಅವರ ತತ್ತ್ವಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. 1969ರಲ್ಲಿ ಅದು ರಾಷ್ಟ್ರೀಕರಣಗೊಂಡ ಮೇಲೆ ಹಳ್ಳಿಹಳ್ಳಿಗೆ ಶಾಖೆಗಳು ಬಂದುದೂ ಸುಳ್ಳಲ್ಲ.

1968ರಲ್ಲಿ ಅಹಮದಾಬಾದ್ ಬಿಟ್ಟ ಅವರು ದಿಲ್ಲಿಯಲ್ಲಿ ಆರ್ಥಿಕ ಸಂಶೋಧನ ಕೇಂದ್ರವೊಂದನ್ನು ನಡೆಸುತ್ತ ಕೊನೆಯವರೆಗೂ ಬರೆಯುತ್ತಿದ್ದರು. ಅಮೆರಿಕದ ಗೋಧಿ ನೆರವನ್ನು ವಿಮರ್ಶಿಸುವ ಗ್ರಂಥ ಬಂದುದು 1974ರಲ್ಲಿ. ಮಗಳು ಸುಧಾ ಶೆಣೈ ಅವರೂ ಅದೇ ಪಂಥದ ಅರ್ಥಶಾಸ್ತ್ರಜ್ಞೆಯಾದರು. ತಂದೆ ತರುಣನಾಗಿ ಕೇಳಿದ ಹಯೆಕ್ ಅವರ ಬರಹಗಳನ್ನು ಆಯ್ದು 1972ರಲ್ಲಿ ಸಂಪಾದಿಸಿದವರು ಆಕೆಯೇ. ಶೆಣೈ ಅವರು 1978ರ ಫೆಬ್ರವರಿಯಲ್ಲಿ ನಿಧನರಾದರು. ಲೈಸೆನ್ಸ್ ಪದ್ಧತಿಯನ್ನು ಸರಕಾರ ಕಳಚತೊಡಗಿದ್ದು ಅದಾಗಿ ಹದಿಮೂರು ವರ್ಷಗಳ ಬಳಿಕ, 1991ರಲ್ಲಿ.

ಅವರ ಭಿನ್ನಮತದ ಟಿಪ್ಪಣಿ ದೊಡ್ಡದೇನಲ್ಲ. ಪ್ಲಸ್ ವನ್, ಪ್ಲಸ್ ಟು ತರಗತಿಗಳಲ್ಲಿ ಪಂಚವಾರ್ಷಿಕ ಯೋಜನೆಗಳ ಪಾಠ ಬಂದಾಗ ಮಹಾಲನೋಬಿಸ್ ಅವರ ಚೌಕಟ್ಟಿನ ಜೊತೆಗೆ ಇದನ್ನೂ ಅಧ್ಯಾಪಕರು ಓದಿಸಿದರೆ, ಎರಡು ಪಕ್ಷಗಳ ವಾದವನ್ನೂ ಮಕ್ಕಳು ತಾವೇ ತೂಗಿ ನೋಡಬಹುದು.