ಗಾನಯೋಗಿ ಪಂಚಾಕ್ಷರಿ ಗವಾಯಿಗಳವರು

ಶಿವಗಂಗೆಯ ಬೆಟ್ಟವನ್ನೇರಿದ ಸದ್ಭಕ್ತರೆಲ್ಲರೂ ಒಳಕಲ್ಲು ತೀರ್ಥವನ್ನು ಬಲ್ಲರು. ಬಂಡೆಯ ಬಿಲದೊಳಗಿನ ಆ ಜಲವು ಕಣ್ಣಿಗೆ ಗೋಚರವಾಗದು. ಕೈಯನ್ನು ಆಳಕ್ಕಿಳಿಸಿದವರಿಗೆ ಎಟಕುವುದು. ಅಂಧರೂ ಅನಾಥರೂ ಆದ ಮಕ್ಕಳಲ್ಲಿ ಅಡಗಿರುವ ಶಕ್ತಿಯೂ ಅಂತಹುದೇ ಸರಿ. ಮೇಲಿಂದ ಇಣುಕಿ, ಇಲ್ಲೇನೂ ಇಲ್ಲವೆಂದು ಹಿಂದಿರುಗುವವರು ಬಹುಮಂದಿ. ಕೈಯಿಳಿಸಿ ನೋಡುವವರು ವಿರಳ. ಅಂತಹ ವಿರಳರಲ್ಲಿ ಅಗ್ರಗಣ್ಯರಾದ, ಸ್ವಯಂ ಅಂಧರೇ ಆಗಿದ್ದ ಪಂಚಾಕ್ಷರಿ ಗವಾಯಿಗಳವರ ಚರಿತೆಯು ಪ್ರತಿಯೊಬ್ಬ ಗೃಹಸ್ಥನಿಗೂ ಮನನೀಯವಾದುದು.

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿ ಇವರ ಜನ್ಮಸ್ಥಳ. 1892ನೆಯ ಇಸವಿ ಫೆಬ್ರುವರಿ 2ರಂದು ಗುರುಪಾದಯ್ಯ, ನೀಲಮ್ಮ ದಂಪತಿಗಳ ಉದರದಲ್ಲಿ ಜನಿಸಿದ ಇವರ ಬಾಲ್ಯನಾಮ ಗದಿಗೆಯ್ಯ. ಇವರು ಹುಟ್ಟುಗುರುಡರು, ಅಣ್ಣ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಬಾಲಕರು! ಕಣ್ಣಿಲ್ಲದವನಿಗೆ ಭಿಕ್ಷೆಯೊಂದೇ ಗತಿಯೆಂದು ಲೋಕವು ಎಣಿಸಿದ್ದ ಕಾಲದಲ್ಲಿ ಆ ತಾಯಿತಂದೆಗಳ ಚಿಂತೆ ಎಷ್ಟಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು.

ಈ ಸಹೋದರರ ಕಂಠಮಾಧುರ್ಯವನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳವರು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹನೀಯರು, ಬಾಲಕರನ್ನು ಕಂಡು ಮರುಗಿ ಒಂದು ತುತ್ತು ಅನ್ನವನ್ನಿತ್ತು ಕಳುಹಿಬಿಡಲಿಲ್ಲ. ಅವರ ವಿದ್ಯಾಭ್ಯಾಸದ ಹೊಣೆಯನ್ನೇ ಹೊತ್ತುಕೊಂಡರು. ಗದಿಗೆಯ್ಯನು ಕರ್ನಾಟಕ ಸಂಗೀತವನ್ನು ಕಲಿತನು. ತರುವಾಯ ಮಿರಜದ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಸಂಗೀತದ ಪಾಠವೂ ಆಯಿತು. ಹೀಗೆ ಕಣ್ಣಿಲ್ಲದ ಹಳ್ಳಿಯ ಬಾಲಕನು ಉಭಯ ಪದ್ಧತಿಗಳಲ್ಲಿಯೂ ನಿಷ್ಣಾತನಾಗಿ ಪಂಚಾಕ್ಷರಿ ಗವಾಯಿಯೆಂದು ಖ್ಯಾತಿವೆತ್ತನು.

ಇಂತಹ ವಿದ್ವತ್ತನ್ನು ಪಡೆದವರಿಗೆ ಧನವೂ ಮನ್ನಣೆಯೂ ದುರ್ಲಭವಲ್ಲ. ಆದರೆ ಗವಾಯಿಗಳವರು ಆ ದಾರಿಯನ್ನು ಹಿಡಿಯಲಿಲ್ಲ. ತಮ್ಮಂತೆಯೇ ದೃಷ್ಟಿಹೀನರಾದ, ದಿಕ್ಕಿಲ್ಲದ ಮಕ್ಕಳನ್ನು ಸೇರಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಅವರ ಶಾಲೆಗೆ ಗೋಡೆಯಿರಲಿಲ್ಲ. ಭಕ್ತರು ತಂಗಲು ಕೊಟ್ಟ ಸ್ಥಳವೇ ಪಾಠಶಾಲೆ, ಭಕ್ತರು ನೀಡಿದ ಧಾನ್ಯವೇ ಪ್ರಸಾದ. ಜಾತಿಮತಗಳ ಭೇದವನ್ನು ಅವರು ಎಣಿಸಲಿಲ್ಲ. ಮಕ್ಕಳ ಪೋಷಣೆಗೆಂದು ನಾಟಕ ಮಂಡಳಿಯನ್ನೂ ಕಟ್ಟಿದರು. ಕಡೆಗೆ ಈ ಸಂಚಾರಿ ಶಾಲೆಯು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಯೂರಿತು.

ಸಂಗೀತವನ್ನೇ ಏಕೆ ಆರಿಸಿದರೆಂದು ಕೇಳಬಹುದು. ಅದು ಗುರುಮುಖದಿಂದ ಶ್ರವಣಮಾತ್ರಕ್ಕೆ ದಕ್ಕುವ ವಿದ್ಯೆ. ಶ್ರುತಿಯನ್ನು ಕಿವಿ ಹಿಡಿಯುವುದು, ತಬಲಾ, ಹಾರ್ಮೋನಿಯಂಗಳ ಪಾಠವನ್ನು ಬೆರಳುಗಳು ಗ್ರಹಿಸುವುವು. ಕಲಿತವನು ಕಲಿಯದವನಿಗೆ ಹೇಳಿಕೊಡಬಲ್ಲನು. ಪುರಾಣ ಪ್ರವಚನಗಳಲ್ಲಿ, ನಾಟಕಗಳಲ್ಲಿ ದುಡಿದು ಉಣ್ಣಬಲ್ಲನು. ಹಾಗಾಗಿ ಬೇಡುವ ಕೈ ಕಾಯಕದ ಕೈಯಾಯಿತು. ಅನ್ನವೊಂದನ್ನೇ ನೀಡುವ ದಾಸೋಹವು ಆ ದಿನದ ಹಸಿವನ್ನು ನೀಗುವುದು. ವಿದ್ಯೆಯನ್ನೂ ಕೂಡಿಸಿ ನೀಡಿದ ದಾಸೋಹವು ಪಡೆದವನನ್ನೇ ದಾಸೋಹಿಯನ್ನಾಗಿ ಮಾಡುವುದು. ಗವಾಯಿಗಳವರ ಜೀವನದ ಸಾರವಿದು.

ಈ ಮಾತಿಗೆ ಅವರ ಶಿಷ್ಯರೇ ಸಾಕ್ಷಿ. 1914ರಲ್ಲಿ ಹುಟ್ಟಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡು, ಸೋದರಮಾವನ ಆಶ್ರಯದಲ್ಲಿದ್ದ ಪುಟ್ಟರಾಜರು ಗವಾಯಿಗಳವರ ಬಳಿಗೆ ಬಂದು ಸೇರಿದರು. 1944ನೆಯ ಇಸವಿ ಜೂನ್ 11ರಂದು ಗುರುಗಳು ಲಿಂಗೈಕ್ಯರಾದಾಗ ಆಶ್ರಮದ ಭಾರವೆಲ್ಲವೂ ಈ ಶಿಷ್ಯನ ಹೆಗಲಿಗೆ ಬಂದಿತು. ಅವರು ಹಲವು ವಾದ್ಯಗಳಲ್ಲಿ ಪರಿಣತರಾಗಿ, ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಆ ಸೇವೆಯನ್ನು ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಪ್ರಶಸ್ತಿಯು ಸಂದಿತು. ಹಿಂದುಸ್ತಾನಿ ಗಾಯಕರಾಗಿ ದೇಶವಿಖ್ಯಾತರಾದ ಬಸವರಾಜ ರಾಜಗುರು ಅವರೂ ಪಂಚಾಕ್ಷರಿ ಗವಾಯಿಗಳವರ ಶಿಷ್ಯರೇ.

ಇಂದು ಕಾಲವು ಬದಲಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು, ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವನ್ನು ಹಕ್ಕಾಗಿಯೇ ವಿಧಿಸಿದೆ. ಬೆರಳಿನಿಂದ ಓದುವ ಬ್ರೈಲ್ ಲಿಪಿಯೂ ಕನ್ನಡದಲ್ಲಿದೆ. ಆದರೆ ಮಗುವನ್ನು ಮನೆಯ ಮೂಲೆಯಿಂದ ಶಾಲೆಯ ಬಾಗಿಲವರೆಗೆ ಕರೆದೊಯ್ಯಬೇಕಾದವರು ನಾವು. ಪೂರ್ವಜನ್ಮದ ಕರ್ಮವೆಂದು ನಿಟ್ಟುಸಿರುಬಿಟ್ಟು ಕುಳಿತರೆ ಕಾಯಿದೆಯು ತಾನಾಗಿ ಮನೆಯೊಳಕ್ಕೆ ಬಾರದು. ನೆರೆಮನೆಯಲ್ಲಿ ಅಂತಹ ಮಗುವಿದ್ದರೆ ಅದರ ತಾಯಿತಂದೆಗಳಿಗೆ ಧೈರ್ಯ ಹೇಳಿ, ಶಾಲೆಗೆ ಸೇರಿಸುವಲ್ಲಿ ನೆರವಾಗುವುದೂ ಲಿಂಗಪೂಜೆಯೇ ಎಂದು ಭಾವಿಸೋಣ.

ಕುಮಾರಸ್ವಾಮಿಗಳವರು ಅಂದು ಕೈಹಿಡಿದದ್ದು ಇಬ್ಬರು ಬಾಲಕರನ್ನು. ಅವರಲ್ಲೊಬ್ಬನಿಂದ ಎಷ್ಟು ಮನೆಗಳ ದೀಪ ಬೆಳಗಿತು! ಭಕ್ತರು ತಮ್ಮ ಆಯುಷ್ಯದಲ್ಲಿ ಒಂದು ಮಗುವಿನ ಕೈಯನ್ನಾದರೂ ಹಿಡಿಯಲಿ.